ಅಪ್ಪ ಅಮ್ಮ ಮಲಗುವ ಕೋಣೆಯ ಗಾಳಿ ಅಳೆಸಿದ್ದೀರಾ?

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಇಲಿನಾಯ್, ಮಿನೆಸೋಟಾ ಕಡೆ ಮನೆ ಮಾಡಿರುವ ನಮ್ಮವರ ಬೇಸ್‌ಮೆಂಟ್‌ಗಳ ಕಥೆ ಹೆಚ್ಚುಕಮ್ಮಿ ಒಂದೇ. ಮನೆ ಕೊಂಡ ಹೊಸತರಲ್ಲಿ ಅದು ಬರೀ ಕಾಂಕ್ರೀಟ್ ನೆಲ. ಒಂದು ಮೂಲೆಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್, ಇನ್ನೊಂದು ಮೂಲೆಯಲ್ಲಿ ಖಾಲಿ ಸೂಟ್‌ಕೇಸುಗಳು. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಗೋಡೆ ಏಳುತ್ತದೆ, ಕಾರ್ಪೆಟ್ ಬೀಳುತ್ತದೆ, ಚಿಕ್ಕದೊಂದು ಬಚ್ಚಲು ಸೇರಿಕೊಳ್ಳುತ್ತದೆ. ಮಕ್ಕಳ ಆಟ, ಅಪ್ಪನ ಆಫೀಸ್ ಮೇಜು, ವಾರಾಂತ್ಯದ ಭಜನೆ ಎಲ್ಲವೂ ಕೆಳಗಿಳಿಯುತ್ತವೆ. ಎಷ್ಟೋ ಮನೆಗಳಲ್ಲಿ ಊರಿಂದ ಆರು ತಿಂಗಳಿಗೆಂದು ಬಂದ ಅಜ್ಜ ಅಜ್ಜಿಯರ ಹಾಸಿಗೆಯೂ ಅಲ್ಲೇ. ಹೊರಗೆ ಹಿಮ ಬಿದ್ದರೆ ಅವರು ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಆ ಕೋಣೆಯಲ್ಲೇ ಇರುತ್ತಾರೆ.

ಇಡೀ ಮನೆಯಲ್ಲಿ ರೇಡಾನ್ ಅನಿಲ ಸಾಮಾನ್ಯವಾಗಿ ಹೆಚ್ಚು ಸೇರುವ ಜಾಗವೂ ಅದೇ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣುರಿಯುವುದಿಲ್ಲ, ತಲೆನೋವು ಬರುವುದಿಲ್ಲ, ಕೆಮ್ಮು ಏಳುವುದಿಲ್ಲ. ಹೊಗೆ ಬಂದರೆ ಕೂಗುವ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗುವ ಅಲಾರಂ ಇವೆರಡಕ್ಕೂ ರೇಡಾನಿನ ಸುಳಿವು ಹತ್ತುವುದಿಲ್ಲ. ಮನೆ ಹೊಸದೋ ಹಳೆಯದೋ ಎಂದು ನೋಡಿ ಹೇಳಲಾಗದು, ಪಕ್ಕದ ಮನೆಯವರನ್ನು ಕೇಳಿ ತಿಳಿಯಲಾಗದು. ಅಳೆಯುವುದೊಂದೇ ದಾರಿ. ಆ ಅಳತೆಗೆ ತಗಲುವ ಖರ್ಚು ಒಂದು ಕುಟುಂಬ ಹೋಟೆಲಿಗೆ ಹೋಗಿ ಊಟ ಮಾಡಿ ಬರುವುದಕ್ಕಿಂತ ಕಡಿಮೆ. ಹೀಗಿದ್ದೂ ಅಳೆಸದೆ ಹತ್ತು ವರ್ಷ ಕಳೆದವರು ಬೇಕಾದಷ್ಟು ಮಂದಿ ಇದ್ದಾರೆ ಎಂಬುದೇ ಈ ಅಂಕಣ ಬರೆಯಲು ಕಾರಣ.

ರೇಡಾನ್ ಬರುವುದು ನೆಲದಿಂದ. ಭೂಮಿಯ ಬಹುಪಾಲು ಬಂಡೆ, ಮಣ್ಣುಗಳಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಕೋಟ್ಯಂತರ ವರ್ಷಗಳಲ್ಲಿ ಮೆಲ್ಲನೆ ಸವೆಯುತ್ತ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಧಾತುಗಳಾಗುತ್ತದೆ. ಆ ಸಾಲಿನಲ್ಲಿ ರೇಡಿಯಂ ಬರುತ್ತದೆ. ರೇಡಿಯಂ ಒಡೆದಾಗ ಹುಟ್ಟುವುದು ರೇಡಾನ್. ಹಿಂದಿನವರೆಲ್ಲ ಘನವಸ್ತುಗಳು, ಬಂಡೆಯೊಳಗೇ ಉಳಿಯುವವರು. ರೇಡಾನ್ ಮಾತ್ರ ಅನಿಲ, ಅದೂ ಯಾವುದರ ಜೊತೆಗೂ ಕೂಡದ ಜಡ ಅನಿಲ. ಹಾಗಾಗಿ ಕಲ್ಲಿನ ಕಣದಿಂದ ಹೊರಬಿದ್ದು, ಮಣ್ಣಿನ ಸಂದುಗಳಲ್ಲಿ ತೂರಿ ಮೇಲೇರಬಲ್ಲದು. ಅದರ ಅರ್ಧಾಯು 3.8 ದಿನ. ಅಂದರೆ ಈಗ ಇರುವುದರಲ್ಲಿ ಅರ್ಧ ನಾಲ್ಕು ದಿನದೊಳಗೆ ಒಡೆದುಹೋಗುತ್ತದೆ. ಬಯಲಿಗೆ ಬಂದರೆ ಗಾಳಿಯಲ್ಲಿ ಬೆರೆತು ಚದುರಿಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಮನೆಯ ಅಡಿಗೆ ಬಂದರೆ ಮಾತ್ರ ಕಥೆ ಬೇರೆ.

ಚಳಿಗಾಲದಲ್ಲಿ ಒಳಗಿನ ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋಗುತ್ತದೆ. ಹಾಗೆ ಹೋದಷ್ಟು ಗಾಳಿ ಕೆಳಗಿನಿಂದ ಒಳಬರಬೇಕು. ಬೇಸ್‌ಮೆಂಟ್ ನೆಲದಡಿಗಿಂತ ಕೋಣೆಯೊಳಗಿನ ಒತ್ತಡ ಕೂದಲೆಳೆಯಷ್ಟು ಕಡಿಮೆಯಿದ್ದರೂ ಸಾಕು, ಮನೆ ಮಣ್ಣಿನ ಗಾಳಿಯನ್ನು ಹೀರತೊಡಗುತ್ತದೆ. ಕಾಂಕ್ರೀಟಿನ ಬಿರುಕು, ನೆಲ ಗೋಡೆ ಕೂಡುವ ಅಂಚು, ನೀರಿನ ಪೈಪು ನೆಲ ತೂರಿ ಬರುವ ತೂತು, ಟೊಳ್ಳು ಇಟ್ಟಿಗೆಯ ಗೋಡೆ, ಸಂಪಿನ ಗುಂಡಿ ಇವೇ ಅದರ ಬಾಗಿಲುಗಳು. ನಮ್ಮೂರಿನ ಸಂಪು ಎಂದರೆ ಕುಡಿಯುವ ನೀರು ತುಂಬಿಡುವ ತೊಟ್ಟಿ. ಅಲ್ಲಿಯ ಸಂಪು ನೆಲದಡಿಯ ಮಳೆನೀರು ಬಂದು ಸೇರುವ ಗುಂಡಿ. ಒಂದು ಪಂಪು ಆ ನೀರನ್ನು ಹೊರಗೆ ಎಸೆಯುತ್ತಿರುತ್ತದೆ. ಅದಕ್ಕೆ ಸರಿಯಾದ ಮುಚ್ಚಳವಿಲ್ಲದಿದ್ದರೆ ಮಣ್ಣಿನ ಗಾಳಿಗೆ ರಾಜಮಾರ್ಗ ತೆರೆದಂತೆ. ಹೊರಗಿನ ನೆಲ ಹೆಪ್ಪುಗಟ್ಟಿದಾಗ ಅನಿಲಕ್ಕೆ ಅಂಗಳದಲ್ಲಿ ಹೊರಬೀಳಲು ಜಾಗ ಕಡಿಮೆಯಾಗುತ್ತದೆ, ಕಿಟಕಿಗಳೂ ಮುಚ್ಚಿರುತ್ತವೆ. ಆದ್ದರಿಂದ ಬೇಸಿಗೆಗಿಂತ ಚಳಿಗಾಲದಲ್ಲಿ ಮನೆಯೊಳಗಿನ ರೇಡಾನ್ ಸಾಮಾನ್ಯವಾಗಿ ಹೆಚ್ಚು. ಅಮೆರಿಕದಲ್ಲಿ ಜನವರಿಯನ್ನು ರೇಡಾನ್ ಜಾಗೃತಿಯ ತಿಂಗಳೆಂದು ಆಚರಿಸುವುದು ಇದಕ್ಕೇ.

ಶ್ವಾಸಕೋಶಕ್ಕೆ ಕೇಡು ಮಾಡುವುದರಲ್ಲಿ ರೇಡಾನಿಗಿಂತ ಅದರ ಸಂತಾನದ ಪಾಲೇ ದೊಡ್ಡದು. ಉಸಿರಿನೊಡನೆ ಒಳಹೋದ ರೇಡಾನ್ ಹೆಚ್ಚಿನಂಶ ಹಾಗೇ ಹೊರಬರುತ್ತದೆ. ಆದರೆ ಅದು ಒಡೆದಾಗ ಪೊಲೋನಿಯಂ, ಸೀಸ, ಬಿಸ್ಮತ್‌ಗಳ ವಿಕಿರಣಶೀಲ ರೂಪಗಳು ಹುಟ್ಟುತ್ತವೆ. ಇವು ಘನಕಣಗಳು. ಗಾಳಿಯಲ್ಲಿನ ಧೂಳಿಗೆ ಅಂಟಿ ಶ್ವಾಸನಾಳದ ಒಳಗೋಡೆಯ ಮೇಲೆ ಕೂರುತ್ತವೆ. ಎರಡು ಬಗೆಯ ಪೊಲೋನಿಯಂ ಅಲ್ಲೇ ಒಡೆದು ಆಲ್ಫಾ ಕಣಗಳನ್ನು ಉಗುಳುತ್ತವೆ. ಆಲ್ಫಾ ಕಣ ನಮ್ಮ ಚರ್ಮವನ್ನು ದಾಟಲಾರದಷ್ಟು ದುರ್ಬಲ, ಅಂಗಾಂಶದಲ್ಲಿ ಅದು ಸಾಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೊರಗಿದ್ದರೆ ಚಿಂತೆಯಿಲ್ಲ. ಶ್ವಾಸನಾಳದ ಗೋಡೆಗೇ ಅಂಟಿ ಕೂತಾಗ ಆ ಚಿಕ್ಕ ದೂರದೊಳಗೇ ಜೀವಕೋಶಗಳ ಡಿಎನ್‌ಎ ಸಿಗುತ್ತದೆ. ಹಾನಿ ಕಾಣಿಸಿಕೊಳ್ಳಲು ವರ್ಷಗಳು, ದಶಕಗಳು ಹಿಡಿಯುತ್ತವೆ.

ಇದು ಹೊಸ ಸಂಗತಿಯಲ್ಲ. ಜರ್ಮನಿಯ ಶ್ನೀಬರ್ಗ್ ಗಣಿಗಳಲ್ಲಿ ದುಡಿದವರು ಎದೆಯ ಕಾಯಿಲೆಯಿಂದ ಅಕಾಲದಲ್ಲಿ ಸಾಯುವುದನ್ನು ಆ ಸೀಮೆಯ ಜನ ಶತಮಾನಗಳಿಂದ ಕಂಡಿದ್ದರು. 1879ರಲ್ಲಿ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಶವಪರೀಕ್ಷೆ ಮಾಡಿ ಅದು ಶ್ವಾಸಕೋಶದ ಗಡ್ಡೆ ಎಂದು ಗುರುತಿಸಿದರು. ರೇಡಿಯಂನಿಂದ ಹೊಮ್ಮುವ ಈ ಅನಿಲವನ್ನು ಫ್ರೆಡ್ರಿಕ್ ಡಾರ್ನ್ ಗುರುತಿಸಿದ್ದು 1900ರಲ್ಲಿ. ಗಣಿ ಕಾರ್ಮಿಕರ ಮೇಲಿನ ಅಧ್ಯಯನಗಳ ಆಧಾರದಿಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ರೇಡಾನನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಗಣಿಯ ಕಾಯಿಲೆ ಮನೆಯ ಚಿಂತೆಯಾದದ್ದು ಒಬ್ಬ ಎಂಜಿನಿಯರ್‌ನಿಂದ. 1984ರ ಡಿಸೆಂಬರ್. ಪೆನ್ಸಿಲ್ವೇನಿಯಾದ ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಗಾರರು ಹೊರಹೋಗುವಾಗ ಮೈಮೇಲೆ ವಿಕಿರಣದ ಧೂಳು ಅಂಟಿದೆಯೇ ಎಂದು ನೋಡುವ ಯಂತ್ರಗಳನ್ನು ಕೂರಿಸಿದ್ದರು. ಸ್ಟ್ಯಾನ್ಲಿ ವಾಟ್ರಾಸ್ ಎಂಬ ಎಂಜಿನಿಯರ್ ಹಾದುಹೋದಾಗಲೆಲ್ಲ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರವಾದರೋ ಇನ್ನೂ ವಿದ್ಯುತ್ ಉತ್ಪಾದನೆಗೇ ಇಳಿದಿರಲಿಲ್ಲ. ಮೈ ತೊಳೆಸಿದರು, ಬಟ್ಟೆ ಬದಲಿಸಿದರು, ಮಾರನೆಯ ದಿನ ಮತ್ತೆ ಅದೇ ಪಾಡು. ಒಂದು ಬೆಳಿಗ್ಗೆ ವಾಟ್ರಾಸ್ ಕೆಲಸದ ಜಾಗಕ್ಕೆ ಹೋಗದೆ, ಬಂದ ಕಾಲಲ್ಲೇ ಹಿಂದಿರುಗಿ ಯಂತ್ರದ ಮೂಲಕ ಹೊರಟರು. ಅಲಾರಂ ಕೂಗಿತು. ಹಾಗಿದ್ದರೆ ಅಂಟಿಬಂದದ್ದು ಸ್ಥಾವರದ್ದಲ್ಲ, ಮನೆಯದು! ಬಾಯರ್‌ಟೌನ್ ಬಳಿಯ ಅವರ ಮನೆಯ ಗಾಳಿ ಅಳೆದಾಗ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ ರೇಡಾನ್ ಸಿಕ್ಕಿತು. ಇಂದು ಅಮೆರಿಕ ಸರ್ಕಾರ ಕ್ರಮ ಕೈಗೊಳ್ಳಿ ಎನ್ನುವ ಮಟ್ಟ ಬರೀ 4. ಹೆಂಡತಿ ಮಕ್ಕಳನ್ನು ಕರೆದುಕೊಂಡು ವಾಟ್ರಾಸ್ ಮನೆ ಬಿಟ್ಟರು. ತಜ್ಞರು ತಿಂಗಳುಗಟ್ಟಲೆ ದುರಸ್ತಿ ಮಾಡಿ ರೇಡಾನ್ ತಗ್ಗಿಸಿದ ಮೇಲೆ ಕುಟುಂಬ ಅದೇ ಮನೆಗೆ ವಾಪಸಾಯಿತು.

ಆ ಮನೆ ನಿಂತದ್ದು ರೆಡಿಂಗ್ ಪ್ರಾಂಗ್ ಎಂಬ ಯುರೇನಿಯಂಯುಕ್ತ ಬಂಡೆಯ ಪಟ್ಟೆಯ ಮೇಲೆ. ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿ ದಾಟಿ ನ್ಯೂಯಾರ್ಕಿನ ಕಡೆಗೆ ಹೋಗುವ ಪಟ್ಟೆ ಅದು. ವಾಟ್ರಾಸ್ ಪ್ರಕರಣದ ಬಳಿಕ ದೇಶವೆಲ್ಲ ಅಳೆದು ನೋಡಿದಾಗ ತಿಳಿದದ್ದು, ಈ ಪಟ್ಟೆಯ ಆಚೆಗೂ ಸಮಸ್ಯೆ ಇದೆ ಎಂದು. ಅಯೋವಾದಲ್ಲಿ 99 ಕೌಂಟಿಗಳೂ ಹೆಚ್ಚು ಅಪಾಯದ ವಲಯದಲ್ಲಿವೆ. ಪೆನ್ಸಿಲ್ವೇನಿಯಾದ ಸುಮಾರು ಶೇ. 40ರಷ್ಟು ಮನೆಗಳು 4ರ ಗಡಿ ಮೀರಿವೆ ಎಂದು ಆ ರಾಜ್ಯದ ಪರಿಸರ ಇಲಾಖೆಯೇ ಹೇಳುತ್ತದೆ. ಹಾಗೆಂದು ಈ ಅಪಾಯ ವಲಯಗಳ ನಕ್ಷೆಯಲ್ಲಿ ತಮ್ಮ ಊರು ಕಡಿಮೆ ಅಪಾಯದ ಹಳದಿ ಬಣ್ಣದಲ್ಲಿದೆ, ಕೆಂಪಿನಲ್ಲಿಲ್ಲ ಎಂದು ನೆಮ್ಮದಿಯಾಗಿ ಕೂರುವುದು ತಪ್ಪು. ನಕ್ಷೆ ಮಾಡಿದ್ದು ಕೌಂಟಿಗೆ, ಅಳೆಯಬೇಕಾದದ್ದು ಮನೆಗೆ. ಒಂದೇ ಬೀದಿಯಲ್ಲಿ, ಒಬ್ಬನೇ ಬಿಲ್ಡರ್ ಕಟ್ಟಿದ ಒಂದೇ ಮಾದರಿಯ ಎರಡು ಮನೆಗಳಲ್ಲಿ ಒಂದು 1.5 ತೋರಿಸಿ ಇನ್ನೊಂದು 12 ತೋರಿಸಬಹುದು. ಅಡಿಯ ಮಣ್ಣು ಎಷ್ಟು ಸಡಿಲ, ಬಿರುಕು ಎಲ್ಲಿದೆ, ಮನೆ ಎಷ್ಟು ಹೀರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಈಗ ಅಂಕಿಗಳಿಗೆ ಬರೋಣ. ಅಮೆರಿಕ ಬಳಸುವುದು ಲೀಟರಿಗೆ ಇಷ್ಟು ಪಿಕೊಕ್ಯೂರಿ ಎಂಬ ಅಳತೆ. ಉಳಿದ ಜಗತ್ತು ಬಳಸುವುದು ಘನಮೀಟರಿಗೆ ಇಷ್ಟು ಬೆಕರೆಲ್ ಎಂಬ ಅಳತೆ. ಮೊದಲನೆಯದನ್ನು 37ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ಅಮೆರಿಕದ 4 ಎಂದರೆ 148 ಬೆಕರೆಲ್, ಅಂದರೆ ಒಂದು ಘನಮೀಟರ್ ಗಾಳಿಯಲ್ಲಿ ಪ್ರತಿ ಸೆಕೆಂಡಿಗೆ 148 ರೇಡಾನ್ ಪರಮಾಣುಗಳು ಒಡೆಯುತ್ತಿವೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕರೆಲ್ ಒಳಗಿರಲಿ, ಅದು ಸಾಧ್ಯವಾಗದ ದೇಶಗಳಲ್ಲಿ 300 ದಾಟದಿರಲಿ ಎಂದಿತು. ಕೆನಡಾ ಮತ್ತು ಬ್ರಿಟನ್ 200ಕ್ಕೆ ಗೆರೆ ಎಳೆದಿವೆ. ಕ್ಯಾಲ್ಗರಿಯಲ್ಲಿರುವ ಅಣ್ಣನೂ ಫಿಲಡೆಲ್ಫಿಯಾದಲ್ಲಿರುವ ತಂಗಿಯೂ ಫೋನಿನಲ್ಲಿ ತಮ್ಮ ತಮ್ಮ ಅಂಕಿ ಹೇಳಿಕೊಂಡು ಗಾಬರಿಯಾಗುವ ಮೊದಲು ಈ ಗುಣಾಕಾರ ಮಾಡಿಕೊಳ್ಳಬೇಕು.

ದೇಶಕ್ಕೊಂದು ಗೆರೆ ಇರುವುದನ್ನು ನೋಡಿದರೇ ಗೊತ್ತಾಗುತ್ತದೆ, ಗೆರೆಯ ಈಚೆ ಪೂರ್ತಿ ಕ್ಷೇಮ, ಆಚೆ ಪೂರ್ತಿ ಅಪಾಯ ಎಂಬುದೇನೂ ಇಲ್ಲ. ಯುರೋಪಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದೀರ್ಘಕಾಲದ ಸರಾಸರಿ ರೇಡಾನ್ 100 ಬೆಕರೆಲ್ ಏರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇ. 16ರಷ್ಟು ಏರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಜೀವಮಾನವಿಡೀ 4ರ ಮಟ್ಟದ ಗಾಳಿ ಉಸಿರಾಡಿದ 1,000 ಧೂಮಪಾನಿಗಳಲ್ಲಿ ಸುಮಾರು 62 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಎಂದೂ ಸೇದದವರಾದರೆ 1,000ಕ್ಕೆ 7. ಸಿಗರೇಟು ಮತ್ತು ರೇಡಾನ್ ಕೂಡಿದರೆ ಕೇಡು ಹಲವು ಪಟ್ಟಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ ಎಂದು ಸುಮ್ಮನಾಗುವವರು ಇನ್ನೊಂದು ಅಂಕಿ ನೋಡಬೇಕು. ಅಮೆರಿಕದಲ್ಲಿ ವರ್ಷಕ್ಕೆ ರೇಡಾನಿನಿಂದ ಸಾಯುವವರೆಂದು ಅಂದಾಜಿಸಿರುವ 21,000 ಜನರಲ್ಲಿ ಸುಮಾರು 2,900 ಮಂದಿ ಬದುಕಿನಲ್ಲಿ ಒಮ್ಮೆಯೂ ಸಿಗರೇಟು ಮುಟ್ಟದವರು. 4ರ ಕೆಳಗಿದ್ದರೂ 2ರ ಮೇಲಿದ್ದರೆ ಸರಿಪಡಿಸುವ ಬಗ್ಗೆ ಯೋಚಿಸಿ ಎಂದು ಅದೇ ಸಂಸ್ಥೆ ಹೇಳುತ್ತದೆ. 3.8 ಬಂತು, ಪಾಸಾದೆವು ಎಂದು ಹಿಗ್ಗುವವರಿಗೆ ಈ ಮಾತು ತಲುಪಿರುವುದಿಲ್ಲ.

ಅಳೆಯುವ ಬಗೆ ನೋಡೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನೈದು ಇಪ್ಪತ್ತು ಡಾಲರಿಗೆ ಸಿಗುವ ಕಿಟ್ ಎಂದರೆ ಸಾಮಾನ್ಯವಾಗಿ ಅಂಗೈಯಗಲದ ಡಬ್ಬಿ ಅಥವಾ ಪುಟ್ಟ ಚೀಲ. ಒಳಗಿರುವುದು ಇದ್ದಿಲು. ಮುಚ್ಚಳ ತೆಗೆದಿಟ್ಟರೆ ಇದ್ದಿಲು ಗಾಳಿಯಲ್ಲಿನ ರೇಡಾನನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಕಿಟ್ಟಿನ ಮೇಲೆ ಬರೆದಂತೆ ಎರಡರಿಂದ ಏಳು ದಿನ ಬಿಟ್ಟು, ಮುಚ್ಚಿ, ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಬೇಕು. ಎಲ್ಲಿಡಬೇಕು ಎಂಬುದರಲ್ಲೇ ಅರ್ಧ ಪರೀಕ್ಷೆ ಇದೆ. ಜನ ನಿಜವಾಗಿ ಬಳಸುವ ಕೋಣೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಆರಿಸಿಕೊಳ್ಳಬೇಕು. ಅಪ್ಪ ಅಮ್ಮ ಬೇಸ್‌ಮೆಂಟಿನಲ್ಲಿ ಮಲಗುವುದಾದರೆ ಅವರ ಕೋಣೆಯಲ್ಲೇ ಇಡಬೇಕು, ಮೇಲಿನ ಹಾಲಿನಲ್ಲಲ್ಲ. ನೆಲದಿಂದ ಕನಿಷ್ಠ 20 ಇಂಚು ಎತ್ತರ, ಕಿಟಕಿ ಬಾಗಿಲುಗಳಿಂದ 3 ಅಡಿ ದೂರ, ಹೊರಗೋಡೆಯಿಂದ 1 ಅಡಿ ಈಚೆ. ಹಾಸಿಗೆ ಪಕ್ಕದ ಸ್ಟೂಲ್ ಆದೀತು. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ ಬೇಡ, ಏಕೆಂದರೆ ತೇವ ಹೀರಿದ ಇದ್ದಿಲು ರೇಡಾನನ್ನು ಸರಿಯಾಗಿ ಹೀರುವುದಿಲ್ಲ. ಫ್ಯಾನಿನ ಗಾಳಿ, ಹೀಟರ್ ಕಿಂಡಿಯ ಬಿಸಿಗಾಳಿ ನೇರ ಬೀಳಬಾರದು. ಒಮ್ಮೆ ಇಟ್ಟ ಮೇಲೆ ಮೊಮ್ಮಕ್ಕಳು ಎತ್ತಿ ಆಡದಂತೆ, ಗುಡಿಸುವವರು ಸರಿಸದಂತೆ ಮನೆಯವರಿಗೆಲ್ಲ ಹೇಳಿಡಬೇಕು.

ಇಡುವುದಕ್ಕೆ 12 ಗಂಟೆ ಮೊದಲಿನಿಂದ ಪರೀಕ್ಷೆ ಮುಗಿಯುವವರೆಗೆ ಇಡೀ ಮನೆಯ ಕಿಟಕಿಗಳು ಮುಚ್ಚಿರಬೇಕು. ಹೋಗಿಬರಲು ಬಾಗಿಲು ತೆಗೆದು ಹಾಕಿಕೊಂಡರೆ ಅಡ್ಡಿಯಿಲ್ಲ. ಫರ್ನೇಸ್ ಎಂದಿನಂತೆ ಓಡಲಿ. ಒಗ್ಗರಣೆ ಹಾಕುವಾಗ ಸ್ವಲ್ಪ ಹೊತ್ತು ಎಕ್ಸಾಸ್ಟ್ ಹಾಕಿದರೂ ಪರವಾಗಿಲ್ಲ. ಹೊರಗಿನ ಗಾಳಿಯನ್ನು ಒಳಗೆಳೆಯುವ ದೊಡ್ಡ ಫ್ಯಾನ್ ಬೇಡ. ಬಿರುಗಾಳಿ ಮಳೆಯ ಮುನ್ಸೂಚನೆ ಇದ್ದರೆ ಪರೀಕ್ಷೆ ಮುಂದೂಡುವುದೇ ಒಳ್ಳೆಯದು. ಗಾಳಿಯೊತ್ತಡ ಏರುಪೇರಾದಾಗ ಅಂಕಿಯೂ ಏರುಪೇರಾಗುತ್ತದೆ.

ಕಿಟ್ಟಿನ ಜೊತೆ ಬರುವ ಚೀಟಿಯನ್ನು ಕಡೆಗಣಿಸಬಾರದು. ಡಬ್ಬಿ ತೆರೆದ ದಿನಾಂಕ, ಗಂಟೆ, ಮುಚ್ಚಿದ ದಿನಾಂಕ, ಗಂಟೆ ಎಲ್ಲ ಬರೆಯಬೇಕು. ಒಳಗೆ ಸಿಕ್ಕಿಬಿದ್ದ ರೇಡಾನ್ ಅಂಚೆಯ ಚೀಲದಲ್ಲೂ ಒಡೆಯುತ್ತಲೇ ಇರುತ್ತದೆ. ನಾಲ್ಕು ದಿನ ತಡವಾದರೆ ಅರ್ಧ ಹೋಯಿತು, ಎಂಟು ದಿನ ತಡವಾದರೆ ಮುಕ್ಕಾಲು ಹೋಯಿತು. ಪ್ರಯೋಗಾಲಯದವರು ಗಂಟೆಗಳ ಲೆಕ್ಕ ಹಿಡಿದು ಮೊದಲು ಎಷ್ಟಿತ್ತೆಂದು ಹಿಂದಕ್ಕೆ ಎಣಿಸುತ್ತಾರೆ. ಚೀಟಿಯಲ್ಲಿ ಗಂಟೆ ಬರೆಯದಿದ್ದರೆ ಅವರು ಎಣಿಸುವುದು ಎಲ್ಲಿಂದ? ಮುಚ್ಚಿದ ದಿನವೇ ಅಂಚೆಗೆ ಹಾಕಬೇಕು. ಮುಚ್ಚಿ, ಅಡುಗೆಮನೆ ಕಟ್ಟೆಯ ಮೇಲಿಟ್ಟು, ವಾರ ಬಿಟ್ಟು ನೆನಪಾದರೆ ಇನ್ನೊಂದು ಕಿಟ್ ತರುವುದೇ ವಾಸಿ.

ನಾಲ್ಕು ದಿನದ ಪರೀಕ್ಷೆ ಹೇಳುವುದು ಆ ನಾಲ್ಕು ದಿನದ ಮಾತನ್ನು. ರೇಡಾನ್ ಹಗಲಿಗೂ ಇರುಳಿಗೂ, ಜುಲೈಗೂ ಜನವರಿಗೂ ಬದಲಾಗುವಂಥದ್ದು. ಆದ್ದರಿಂದ ಮನೆ ಮಾರುವ ಕೊಳ್ಳುವ ಅವಸರ ಇಲ್ಲದವರಿಗೆ ನನ್ನ ಸಲಹೆ ದೀರ್ಘಾವಧಿಯ ಪರೀಕ್ಷೆ. ಇದರಲ್ಲಿ ಇದ್ದಿಲಿನ ಬದಲು ವಿಶೇಷ ಪ್ಲಾಸ್ಟಿಕ್ಕಿನ ಒಂದು ತುಣುಕು ಇರುತ್ತದೆ. 90 ದಿನದಿಂದ ಒಂದು ವರ್ಷದವರೆಗೆ ಅದನ್ನು ಕೋಣೆಯಲ್ಲಿ ಬಿಡುತ್ತಾರೆ. ಬಡಿದ ಪ್ರತಿ ಆಲ್ಫಾ ಕಣ ಅದರ ಮೇಲೆ ಕಣ್ಣಿಗೆ ಕಾಣದ ಗೀರು ಎಳೆಯುತ್ತದೆ. ಆಮೇಲೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದಾಗ ಗೀರು ಕೊರೆದು ದೊಡ್ಡ ಕುಳಿಯಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಇದು ದೇವಸ್ಥಾನದ ಹುಂಡಿ ಇದ್ದಂತೆ. ಯಾವ ದಿನ ಯಾರು ಎಷ್ಟು ಹಾಕಿದರು ಎಂದು ಹೇಳುವುದಿಲ್ಲ, ಒಡೆದ ದಿನ ವರ್ಷದ ಒಟ್ಟು ಲೆಕ್ಕ ಮಾತ್ರ ಸುಳ್ಳಾಗುವುದಿಲ್ಲ. ಶ್ವಾಸಕೋಶಕ್ಕೆ ಬೀಳುವ ಪೆಟ್ಟೂ ಒಟ್ಟು ಲೆಕ್ಕದ್ದೇ ಆದ್ದರಿಂದ ನಮಗೆ ಬೇಕಾದ ಅಂಕಿ ಇದು. ಕಿಟಕಿ ಮುಚ್ಚುವ ಕಟ್ಟಳೆಯೂ ಇಲ್ಲ, ಎಂದಿನಂತೆ ಬದುಕಿದರಾಯಿತು.

ಗೋಡೆಗೆ ತೂಗುಹಾಕುವ, ಗಂಟೆಗಂಟೆಗೂ ಅಂಕಿ ತೋರುವ ಎಲೆಕ್ಟ್ರಾನಿಕ್ ಉಪಕರಣಗಳೂ ಈಗ ಮನೆಬಳಕೆಗೆ ಬಂದಿವೆ. ಒಳ್ಳೆಯವೇ. ಆದರೆ ರಾತ್ರಿ ಎರಡಕ್ಕೆ 6 ತೋರಿಸಿತೆಂದು ಎದ್ದು ಕೂರುವುದು, ಬೆಳಿಗ್ಗೆ 2ಕ್ಕೆ ಇಳಿಯಿತೆಂದು ಮರೆಯುವುದು ಎರಡೂ ಕೂಡದು. ತಿಂಗಳುಗಳ ಸರಾಸರಿ ನೋಡಬೇಕು.

ಇದ್ದಿಲು ಕಿಟ್ಟಿನಲ್ಲಿ 4 ಅಥವಾ ಮೇಲೆ ಬಂದರೆ ತಕ್ಷಣ ಗುತ್ತಿಗೆದಾರನನ್ನು ಕರೆಯಬೇಕಾಗಿಲ್ಲ, ಮತ್ತೊಮ್ಮೆ ಅಳೆಯಬೇಕು. 4ರಿಂದ 8ರ ನಡುವೆ ಇದ್ದರೆ ಎರಡನೆಯ ಪರೀಕ್ಷೆ ದೀರ್ಘಾವಧಿಯದಾದರೂ ಆಗಬಹುದು. 8ನ್ನೂ ಮೀರಿದ್ದರೆ ಕಾಯದೆ ಕೂಡಲೇ ಇನ್ನೊಂದು ಅಲ್ಪಾವಧಿಯ ಪರೀಕ್ಷೆ ಮಾಡಿ, ಎರಡರ ಸರಾಸರಿ ನೋಡಿ ಮುಂದುವರಿಯಬೇಕು.

ಮನೆ ಕೊಳ್ಳುವಾಗಿನ ಪರೀಕ್ಷೆಯದು ಬೇರೆಯೇ ಬಿಕ್ಕಟ್ಟು. ಇನ್‌ಸ್ಪೆಕ್ಷನ್‌ಗೆ ಸಿಗುವುದು ಕೆಲವೇ ದಿನ. 48 ಗಂಟೆಗಳ ಪರೀಕ್ಷೆ ನಡೆಯುವಾಗ ಮನೆಯಲ್ಲಿ ಇರುವುದು ಮಾರುವವರು. ಅಂಕಿ ಇಳಿಯಲಿ ಎಂದು ಕಿಟಕಿ ತೆರೆದಿಟ್ಟರೆ ಕೊಳ್ಳುವವರಿಗೆ ತಿಳಿಯುವುದು ಹೇಗೆ? ಅದಕ್ಕೇ ವೃತ್ತಿಪರರು ತರುವ ಯಂತ್ರ ಗಂಟೆಗಂಟೆಯ ರೇಡಾನಿನ ಜೊತೆಗೆ ತಾಪಮಾನ, ತೇವ, ಗಾಳಿಯೊತ್ತಡವನ್ನೂ ದಾಖಲಿಸುತ್ತದೆ. ಯಂತ್ರವನ್ನು ಎತ್ತಿ ಸರಿಸಿದರೆ ಅದನ್ನು ಗುರುತು ಹಾಕಿಕೊಳ್ಳುವ ಮಾದರಿಗಳೂ ಇವೆ. ನಡುರಾತ್ರಿ ರೇಡಾನ್ ಮತ್ತು ತಾಪಮಾನ ಒಟ್ಟಿಗೇ ಕುಸಿದಿದ್ದರೆ ಕಿಟಕಿ ತೆರೆದಿರಬಹುದೆಂದು ಅನುಮಾನಿಸಲು ಕಾರಣವುಂಟು. ಬರೀ ಸರಾಸರಿ ಒಂದನ್ನೇ ಕೇಳದೆ ಗಂಟೆವಾರು ಪಟ್ಟಿಯನ್ನೂ ಕೇಳಿ ಪಡೆಯುವುದು ಕೊಳ್ಳುವವರ ಹಕ್ಕೆಂದೇ ನಾನು ತಿಳಿದಿದ್ದೇನೆ. ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ರೇಡಾನ್ ಅಳೆಯುವ ಸಂಸ್ಥೆಗೆ ಸರ್ಕಾರದ ಪ್ರಮಾಣಪತ್ರ ಕಡ್ಡಾಯ. ಅದನ್ನೂ ನೋಡಿಯೇ ಕೆಲಸ ಒಪ್ಪಿಸಬೇಕು.

ಹೆಚ್ಚು ಬಂದರೆ ಒಳ್ಳೆಯ ಮನೆ ಕೈಬಿಡಬೇಕಾಗಿಲ್ಲ. ರೇಡಾನಿಗೆ ಮದ್ದಿದೆ, ಅದೂ ಸರಳವಾದದ್ದು. ಬೇಸ್‌ಮೆಂಟ್ ನೆಲಕ್ಕೆ ಒಂದು ತೂತು ಕೊರೆದು, ಅಡಿಯ ಜಲ್ಲಿ ಪದರಕ್ಕೆ ಪಿವಿಸಿ ಪೈಪು ಇಳಿಸುತ್ತಾರೆ. ಪೈಪು ಸೂರಿನ ಮೇಲಕ್ಕೆ ಹೋಗುತ್ತದೆ. ನಡುವೆ, ಅಟ್ಟದಲ್ಲೋ ಮನೆಯ ಹೊರಗೋಡೆಗೋ ಕೂರಿಸಿದ ಫ್ಯಾನ್ ಹಗಲಿರುಳೂ ತಿರುಗುತ್ತ ಮಣ್ಣಿನ ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತದೆ. ಮನೆ ಹೀರುವ ಮೊದಲೇ ಪೈಪು ಹೀರುತ್ತದೆ, ಅಷ್ಟೇ ಉಪಾಯ. ಬಿರುಕುಗಳನ್ನು ಮುಚ್ಚುತ್ತಾರೆ, ಸಂಪಿನ ಗುಂಡಿಗೆ ಗಾಳಿಯಾಡದ ಮುಚ್ಚಳ ಹಾಕುತ್ತಾರೆ. ಬಿರುಕು ಮುಚ್ಚಿದರಷ್ಟೇ ಸಾಕು ಎನ್ನುವ ಗುತ್ತಿಗೆದಾರನನ್ನು ನಂಬಬಾರದು. ಒಂದು ಸಂದು ಮುಚ್ಚಿದರೆ ಗಾಳಿ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಸಾಮಾನ್ಯ ಮನೆಗೆ ಸಾವಿರದಿಂದ ಎರಡೂವರೆ ಸಾವಿರ ಡಾಲರ್ ತಗಲಬಹುದು, ಒಂದೇ ದಿನದಲ್ಲಿ ಮುಗಿಯುವ ಕೆಲಸ. ಮಾರುವವರೊಡನೆ ಚೌಕಾಸಿ ಮಾಡುವಾಗ ಇದನ್ನು ಅವರ ಖರ್ಚಿಗೆ ಹಾಕಿಸುವುದೂ ಉಂಟು.

ಆ ಪೈಪಿನ ಮೇಲೆ, ಕಣ್ಣಿನ ಎತ್ತರಕ್ಕೆ, ಯು ಆಕಾರದ ಒಂದು ಪುಟ್ಟ ಗಾಜಿನಂಥ ಕೊಳವೆ ಇರುತ್ತದೆ. ಅದರಲ್ಲಿ ಕೆಂಪು ಅಥವಾ ನೀಲಿ ದ್ರವ. ಎರಡು ತೋಳುಗಳಲ್ಲಿ ದ್ರವದ ಮಟ್ಟ ಮೇಲೆ ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ ಎಂದರ್ಥ. ಎರಡೂ ಸಮವಾಗಿದ್ದರೆ ಫ್ಯಾನ್ ಸತ್ತಿದೆ. ಬಟ್ಟೆ ಒಗೆಯಲು ಕೆಳಗಿಳಿದಾಗಲೆಲ್ಲ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಆದರೆ ಈ ಕೊಳವೆ ಹೇಳುವುದು ಎಳೆತದ ಮಾತು, ರೇಡಾನಿನ ಮಾತಲ್ಲ. ವ್ಯವಸ್ಥೆ ಹಾಕಿಸಿದ ಮೇಲೆ 24 ಗಂಟೆ ಬಿಟ್ಟು, ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಲೇಬೇಕು. ಅದನ್ನು ಪೈಪು ಹಾಕಿದವನ ಕೈಯಲ್ಲೇ ಮಾಡಿಸದೆ ಬೇರೆಯವರಿಂದ ಮಾಡಿಸುವುದು ಒಳ್ಳೆಯದು. ಆಮೇಲೆ ಎರಡು ವರ್ಷಕ್ಕೊಮ್ಮೆ. ಬೇಸ್‌ಮೆಂಟಿಗೆ ಹೊಸದಾಗಿ ಗೋಡೆ ಕಟ್ಟಿ ಕೋಣೆ ಮಾಡಿದರೂ ಮತ್ತೆ ಅಳೆಯಬೇಕು.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೂ ಇದು ಸೇರಿದ ಮಾತೇ. ಮೂರನೆಯ ಮಹಡಿಗಿಂತ ಕೆಳಗಿನ ಮನೆಗಳೆಲ್ಲ ಪರೀಕ್ಷೆಯಾಗಬೇಕು ಎಂಬುದು ಅಮೆರಿಕ ಸರ್ಕಾರದ ಸಲಹೆ. ಅಲ್ಲಿ ಮೊದಲ ಮಹಡಿ ಎಂದರೆ ನಮ್ಮ ನೆಲಮಹಡಿ. ಹೊಸದಾಗಿ ಹೋದ ಹುಡುಗ ಹುಡುಗಿಯರು ಕಡಿಮೆ ಬಾಡಿಗೆಗೆಂದು ಹಿಡಿಯುವ ಬೇಸ್‌ಮೆಂಟ್ ಕೋಣೆಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಓನರ್‌ನ ಅಪ್ಪಣೆ ಕಾಯದೆ ತಾವೇ ಒಂದು ಕಿಟ್ ತಂದಿಡಬಹುದು.

ಹಾಗಾದರೆ ನಮ್ಮೂರಿನಲ್ಲಿ? ದಕ್ಷಿಣ ಕರ್ನಾಟಕದ ಅಡಿಯಲ್ಲಿರುವುದು ಹಳೆಯ ನೈಸ್ ಶಿಲೆ, ಗ್ರಾನೈಟ್. ಗ್ರಾನೈಟಿನಲ್ಲಿ ಯುರೇನಿಯಂ ಇತರ ಹಲವು ಕಲ್ಲುಗಳಿಗಿಂತ ತುಸು ಜಾಸ್ತಿಯೇ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಮೈಸೂರು, ಬೆಂಗಳೂರು ಸುತ್ತಲಿನ ಮನೆಗಳಲ್ಲಿ ವರ್ಷಗಟ್ಟಲೆ ರೇಡಾನ್ ಅಳೆದಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣಶೀಲತೆಯ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ಆದರೂ ನಮ್ಮ ಸಾಮಾನ್ಯ ಮನೆಗಳಿಗೆ ಒಂದು ದೊಡ್ಡ ರಕ್ಷೆ ಇದೆ: ನೆಲದೊಳಕ್ಕೆ ಹೂತ ಕೋಣೆಗಳಿಲ್ಲ, ಮನೆ ಬಿಸಿ ಮಾಡುವ ಅಗತ್ಯವಿಲ್ಲ, ಬೆಳಗಾದರೆ ಕಿಟಕಿ ಬಾಗಿಲು ತೆರೆಯುತ್ತೇವೆ. ಗಾಳಿಯಾಡುವ ಮನೆಯಲ್ಲಿ ರೇಡಾನ್ ನಿಲ್ಲುವುದು ಕಷ್ಟ. ಅಡುಗೆಕಟ್ಟೆಯ ಗ್ರಾನೈಟ್ ಕಿತ್ತುಹಾಕಬೇಕೇ ಎಂಬ ಭಯವೂ ಬೇಡ. ಮುಖ್ಯ ಮೂಲ ಯಾವತ್ತೂ ಅಡಿಯ ಮಣ್ಣು, ಕಲ್ಲಿನ ಹಾಸಿನ ಪಾಲು ಸಾಮಾನ್ಯವಾಗಿ ಅಲ್ಪ.

ಕೊಳವೆಬಾವಿಯ ನೀರಿನ ಮಾತು ಆಗಾಗ ಕೇಳಿಬರುತ್ತದೆ. ಆಳದ ಬಂಡೆಯ ನೀರಿನಲ್ಲಿ ರೇಡಾನ್ ಕರಗಿರುವುದು ನಿಜ. ಬೆಂಗಳೂರು ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಲೀಟರಿಗೆ 11.1 ಬೆಕರೆಲ್ ಮೀರಿದ ಮಾದರಿಗಳು ಸಂಶೋಧಕರಿಗೆ ಸಿಕ್ಕಿವೆ. ಈ 11.1 ಎಂಬುದು ಅಮೆರಿಕ 1999ರಲ್ಲಿ ಪ್ರಸ್ತಾಪಿಸಿ, ಕೊನೆಗೆ ಕಾನೂನು ಮಾಡದೆ ಬಿಟ್ಟ ಮಿತಿ. ಅದನ್ನು ಮೀರಿತೆಂದ ಮಾತ್ರಕ್ಕೆ ನೀರು ವಿಷವೆಂದು ತಿಳಿಯಬಾರದು. ನೀರಿನ ರೇಡಾನ್ ಗಾಳಿಗೆ ಸೇರುವುದು ಸ್ವಲ್ಪವೇ, ಸುಮಾರು ಹತ್ತು ಸಾವಿರಕ್ಕೆ ಒಂದು ಪಾಲು ಎಂಬುದು ಬಳಕೆಯ ಲೆಕ್ಕ. ಮೇಲಾಗಿ ನಮ್ಮ ನೀರು ತೊಟ್ಟಿಗೆ ಸುರಿದು, ಟ್ಯಾಂಕಿಗೆ ಏರಿ, ನಿಂತು ನಲ್ಲಿಗೆ ಬರುತ್ತದೆ. ಸುರಿಯುವಾಗ ಅನಿಲ ಹಾರಿಹೋಗುತ್ತದೆ, ನಿಂತಾಗ ಒಡೆದು ಕಡಿಮೆಯಾಗುತ್ತದೆ. ಅದೇ ನೀರಿನಲ್ಲಿ ಕರಗಿರಬಹುದಾದ ಯುರೇನಿಯಂ ಹೀಗೆ ಹಾರಿಹೋಗುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಇಲ್ಲಿ ನನಗೆ ಆತಂಕ ಇರುವುದು ಬೇರೆ ಕಡೆ. ಬೆಂಗಳೂರಿನ ಹೊಸ ವಿಲ್ಲಾಗಳಲ್ಲಿ ನೆಲದಡಿಯ ಅಂತಸ್ತು ಬರುತ್ತಿದೆ. ಹೋಮ್ ಥಿಯೇಟರ್, ಜಿಮ್, ಆಫೀಸ್, ಕೆಲವೆಡೆ ಮನೆಗೆಲಸದವರ ಕೋಣೆ ಕೂಡ ಅಲ್ಲಿ. ಬಂಡೆಯನ್ನೇ ಸೀಳಿ ತೋಡಿದ ಗುಂಡಿ, ಕಿಟಕಿಯಿಲ್ಲದ ಗೋಡೆ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುವ ಎಸಿ. ಅಮೆರಿಕದ ಬೇಸ್‌ಮೆಂಟಿನ ಸ್ಥಿತಿಯನ್ನು ನಾವು ಇಲ್ಲಿಯೇ ಕಟ್ಟಿಕೊಳ್ಳುತ್ತಿದ್ದೇವೆ, ಅಲ್ಲಿ ಇರುವ ಪರೀಕ್ಷೆಯ ರೂಢಿ ಮಾತ್ರ ಇಲ್ಲಿಲ್ಲ. ಇಂಥ ಮನೆ ಕಟ್ಟುತ್ತಿರುವವರು ಕೆಳಗಿನ ಕಾಂಕ್ರೀಟ್ ಹಾಕುವ ಮುನ್ನ ಎಂಜಿನಿಯರ್ ಜೊತೆ ಒಮ್ಮೆ ಕೂತು ಮಾತಾಡಬೇಕು. ನಾಲ್ಕು ಇಂಚು ಜಲ್ಲಿ ಹಾಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಜಲ್ಲಿಯಿಂದ ಸೂರಿನವರೆಗೆ ಒಂದು ಪೈಪು ಬಿಟ್ಟರೆ ಆಗ ತಗಲುವ ಖರ್ಚು ಕೆಲವೇ ಸಾವಿರ. ಮನೆ ಮುಗಿದ ಮೇಲೆ ಎಸಿ ಹಾಕಿ, ಬಾಗಿಲು ಮುಚ್ಚಿ, ಎಲೆಕ್ಟ್ರಾನಿಕ್ ಉಪಕರಣವನ್ನು ಕೆಳಗಿನ ಕೋಣೆಯಲ್ಲಿ ಮೂರು ತಿಂಗಳು ಇಟ್ಟು ನೋಡಲಿ. ಸರಾಸರಿ 100 ಬೆಕರೆಲ್ ಒಳಗಿದ್ದರೆ ಆ ಪೈಪು ಸುಮ್ಮನಿರುತ್ತದೆ. ಮೀರಿದ್ದರೆ ಅದರ ತುದಿಗೆ ಒಂದು ಫ್ಯಾನ್ ಕೂರಿಸಿದರಾಯಿತು, ನೆಲ ಒಡೆಯುವ ಕೆಲಸವಿಲ್ಲ.